ಟವೆಲ್ ಹಾಕಿದ ಸೀಟು

ಹೋದ ಬೇಸಿಗೆಯಲ್ಲಿ ನನ್ನ ದೋಸೆ ಓರೆಯಾಗಲು ಶುರುವಾಯಿತು. ನಗಬೇಡಿ. ಆಕಾರ ಕೆಟ್ಟಿತೆಂದು ನಾನು ಹೇಳುತ್ತಿಲ್ಲ. ಆಕಾರದ ವಿಷಯದಲ್ಲಿ ನನ್ನ ದೋಸೆ ಎಂದೂ ಹೆಸರು ಗಳಿಸಿದ್ದಲ್ಲ. ಕಾವಲಿಯ ಮೇಲೆ ಹಿಟ್ಟು ಹೊಯ್ದು ಸೌಟಿನಿಂದ ಸುತ್ತಿಸಿದರೆ ಅದು ಮೆಲ್ಲಗೆ ಎಡಕ್ಕೆ ಜಾರಿಕೊಂಡು ಹೋಗಿ ಅಲ್ಲೇ ಗುಡ್ಡೆ ಕೂರುತ್ತಿತ್ತು. ಬಲಗಡೆ ಹಪ್ಪಳವಾಗಿ ಕರಿಯಾಗುವ ಹೊತ್ತಿಗೂ ಎಡಗಡೆ ಹಸಿಹಿಟ್ಟು. ಎಣ್ಣೆ ಬಿಟ್ಟರೆ ಅದೂ ಎಡಕ್ಕೇ. ಇದನ್ನು ಯಾರಿಗಾದರೂ ಹೇಳೋಣವೆಂದು ತಲೆಯೆತ್ತಿದರೆ ಎದುರಿಗೆ ಯಾರೂ ಇಲ್ಲ. ದೋಸೆ ಓರೆಯಾದದ್ದಕ್ಕಿಂತ ಅದನ್ನು ಹೇಳಿಕೊಳ್ಳಲು ಒಂದು ಜೀವ ಇಲ್ಲವಲ್ಲ ಎಂಬುದೇ ನನಗೆ ಹೆಚ್ಚು ಹೊಟ್ಟೆ ಉರಿಸಿತು.

ಮನೆಯ ಒಲೆಯ ಮೇಲೆ ಈ ತಕರಾರು ಇರಲಿಲ್ಲ. ಓರೆಯಾಗುತ್ತಿದ್ದದ್ದು ಗಾಡಿಮನೆಯಲ್ಲಿ. ಗಾಡಿಮನೆ ಎಂದರೆ ನಮ್ಮ ಹಳೇ ಜೀಪಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಎರಡು ಚಕ್ರದ ಟ್ರೈಲರ್. ಅದರ ಮೇಲೆ ಮರದ ಗೋಡೆ, ತಗಡಿನ ಸೂರು, ಎರಡು ಕಿಟಕಿ. ಒಳಗೆ ಎಡಗಡೆ ಅಡುಗೆ ಕಟ್ಟೆ ಮತ್ತು ನಾನು ಮಲಗುವ ಬೆಂಚು, ಬಲಗಡೆ ಯಜಮಾನರ ಬೆಂಚು. ಬೆಂಚು ಅಂದರೆ ಪೆಟ್ಟಿಗೆಯೇ; ಮೇಲೆ ಕೂರಬಹುದು, ಮಲಗಬಹುದು, ಹಲಗೆ ಎತ್ತಿದರೆ ಒಳಗೆ ಸಾಮಾನು ತುಂಬಬಹುದು. ಇದನ್ನು ಕಟ್ಟಿದವರು ಅವರೇ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ ಕೈ. ಡ್ರಾಯರುಗಳ ಹಿಡಿಗಳೆಲ್ಲ ಕೆಂಪು ಹಳದಿ ಅರಗಿನ ಗುಂಡುಗಳು. ಮೊದಲ ಸಲ ನೋಡಿದವರಿಗೆ ದೊಡ್ಡ ಆಟದ ಸಾಮಾನಿನೊಳಗೆ ಹೊಕ್ಕ ಹಾಗಾಗುತ್ತದೆ.

ಬೊಂಬೆ ಕಡೆಯುವವರಿಗೆ ಗಾಡಿಮನೆ ಕಟ್ಟುವ ಹುಚ್ಚು ಹಿಡಿದದ್ದು ನನ್ನ ದೆಸೆಯಿಂದ. ನಾನು ಬಸ್ ಕಂಡಕ್ಟರ್ ಆಗಿದ್ದವಳು. ಮಾಗಡಿ, ಕನಕಪುರ, ಚನ್ನಪಟ್ಟಣ, ಸಾತನೂರು ಎಂದು ಕೂಗಿ ಕೂಗಿಯೇ ನನ್ನ ಗಂಟಲು ಹೀಗೆ ಒಡೆದ ತಮಟೆಯಾಗಿರುವುದು. ಸಾವನದುರ್ಗದ ಬಂಡೆಯನ್ನು ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಒಂದು ಸಲವೂ ಅದರ ಬುಡಕ್ಕೆ ಹೋಗಿರಲಿಲ್ಲ. ಕಬ್ಬಾಳಿಗೆ ಹರಕೆಯ ಕೋಳಿ ಹಿಡಿದು ಬಂದವರನ್ನೆಲ್ಲ ಜೋಪಾನವಾಗಿ ಇಳಿಸಿ ಸೀಟಿ ಊದಿದ್ದೇನೆ, ದೇವಿಯ ಮುಖ ನೋಡಿರಲಿಲ್ಲ. ಕಬ್ಬಾಳಮ್ಮ ನಮ್ಮ ಯಜಮಾನರ ಮನೆದೇವರು ಬೇರೆ. ನಾನು ನಿವೃತ್ತಳಾದ ದಿನ ಹಾರ, ಶಾಲು ಹಾಕಿಸಿಕೊಂಡು ಮನೆಗೆ ಬಂದರೆ, ಜಗಲಿಯ ಮೇಲೆ ಕೂತಿದ್ದವರು ಹೇಳಿದ್ದು ಇಷ್ಟೆ: “ಜಯಾ, ಎಲ್ಲಾ ಊರಿಗೂ ಹೋಗಿದ್ದೀಯ, ಒಂದೂರ್ನಲ್ಲೂ ಇಳೀಲಿಲ್ವಲ್ಲ. ತಡಿ, ನಾನ್ ಇಳಿಸ್ತೀನಿ.”

ಇಳಿಸಿದರು. ಕಣ್ವದ ಕೆರೆ, ಸಾವನದುರ್ಗ, ಕಬ್ಬಾಳು, ಎಲ್ಲ ಕಡೆಯೂ ಇಳಿಸಿದರು. ಅವರು ಎಲ್ಲಿಗೆ ಹೋದರೂ ಕಡೆಯುವ ಪುಟ್ಟ ಯಂತ್ರವನ್ನೂ ಹಾಲೆ ಮರದ ತುಂಡುಗಳನ್ನೂ ತಮ್ಮ ಬೆಂಚಿನ ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಬರುತ್ತಿದ್ದರು. ಬಂಡೆಯ ನೆರಳಿನಲ್ಲಿ ಕೂತು ಏನಾದರೂ ಕಡೆಯುವುದು, ನಾನು ದೋಸೆ ಹುಯ್ಯುವುದು. ಮೊದಲನೇ ದೋಸೆ ಹೇಗೂ ಕೆಡುತ್ತದಲ್ಲ, ಅದು ಅವರಿಗೆ. ಕೆಟ್ಟದ್ದೇ ರುಚಿ ಎಂದು ಎರಡು ಕೈಯಲ್ಲಿ ಕಿತ್ತುಕೊಂಡು ತಿನ್ನುತ್ತಿದ್ದರು. ಒಂದು ಬೆಳಿಗ್ಗೆ, ಮನೆಯಲ್ಲೇ, ಕಾಫಿ ಲೋಟ ಹಿಡಿದುಕೊಂಡೇ ಹೊರಟುಹೋದರು. ಎದೆನೋವು ಎಂದು ಹೇಳಿ ಮುಗಿಸುವುದಕ್ಕೂ ಬಿಡುವಿರಲಿಲ್ಲ ಅವರಿಗೆ. ಈಗ ಮೂರನೆಯ ವರ್ಷ.

ಕಸುಬಿನ ಸಾಮಾನು ಸುಮ್ಮನೆ ಬಿದ್ದಿರಬಾರದು, ಕಸುಬಿನವರ ಕೈಯಲ್ಲಿ ಓಡಾಡಬೇಕು ಎಂಬುದು ಅವರ ಕಡೆಯವರ ರೂಢಿ. ಹನ್ನೊಂದನೆಯ ದಿನ ಯಂತ್ರ, ಉಳಿ, ಮರದ ತುಂಡು ಎಲ್ಲವನ್ನೂ ಅವರ ಜೊತೆಗಾರರಿಗೆ ಕೊಟ್ಟೆವು. ಪೆಟ್ಟಿಗೆ ಬರಿದಾಯಿತು. ಮೇಲೆ ಹಲಗೆಯ ಮೇಲೆ ಅವರ ಟವೆಲ್ ಮಾತ್ರ ಉಳಿಯಿತು. ಕೊನೆಯ ಸಲ ಕಣ್ವದಿಂದ ಬಂದಾಗ ಹೆಗಲಿಂದ ತೆಗೆದು ಅಲ್ಲಿ ಹಾಕಿದ್ದರು, ಹಾಕಿದ ಹಾಗೇ ಇದೆ. ವರ್ಷ ತುಂಬುವ ತನಕ ಹೋದವರ ಜಾಗದಲ್ಲಿ ಯಾರೂ ಕೂರಬಾರದು, ಏನೂ ಇಡಬಾರದು ಎಂದು ಹಿರಿಯರೊಬ್ಬರು ಅಂದರು. ನಾನು ಹೂಂ ಅಂದೆ. ವರ್ಷ ತುಂಬಿದ ಮೇಲೆ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೀಪು ಓಡಿಸಲು ಕಲಿತೆ. ಹೆಂಗಸೊಬ್ಬಳು, ಅದೂ ತಲೆ ನರೆತವಳು, ಟ್ರೈಲರ್ ಎಳೆದುಕೊಂಡು ಕನಕಪುರದ ಪೇಟೆಯಲ್ಲಿ ಹೋದರೆ ಜನ ಬಾಯಿಗೆ ಹಾಕಿಕೊಂಡ ಬೋಂಡ ಅಗಿಯುವುದನ್ನೂ ಮರೆಯುತ್ತಾರೆ. ನನಗೇನು, ಜನ ನೋಡುವುದು ಹೊಸದೇ? ಬಸ್ಸಿನಲ್ಲಿ ದಿನಕ್ಕೆ ಅಷ್ಟು ಜನ ನೋಡುತ್ತಿದ್ದರು. ಆದರೆ ಬಸ್ಸಿನ ಜನ ನೋಡಿದ ಮೇಲೆ ಮಾತಾಡುತ್ತಿದ್ದರು, ಚಿಲ್ಲರೆಗಾದರೂ ಜಗಳವಾಡುತ್ತಿದ್ದರು. ಇಲ್ಲಿ ನೋಡಿ ಸುಮ್ಮನಾಗುತ್ತಾರೆ. ಗಾಡಿಮನೆಯಲ್ಲಿ ಒಬ್ಬಳೇ ಕೂತು ಉಂಡು, ಒಂದೇ ತಟ್ಟೆ ತೊಳೆದು, ಬೆಂಚಿನ ಮೇಲೆ ಉರುಳಿಕೊಂಡು ಎದುರು ಬೆಂಚಿನ ಟವೆಲ್ಲನ್ನು ನೋಡುವುದು. ಒಂಟಿತನ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು, ಆದರೆ ಆ ಮಾತು ಕೇಳಿದರೆ ಏನೋ ದೊಡ್ಡ ಕಾಯಿಲೆಯ ಹೆಸರಿನ ಹಾಗಿದೆ. ನನಗೆ ಆಗುತ್ತಿದ್ದದ್ದು ಸಣ್ಣದು. ಕೆಟ್ಟ ದೋಸೆ ತಿನ್ನುವವರಿಲ್ಲ, ಅಷ್ಟೆ.

ದೋಸೆಗೆ ಬರೋಣ. ಮೊದಲು ಹಿಟ್ಟಿನ ಮೇಲೆ ಅನುಮಾನಪಟ್ಟೆ. ನೀರಾಯಿತೆಂದು ಗಟ್ಟಿ ಮಾಡಿದೆ. ಗಟ್ಟಿ ಹಿಟ್ಟೂ ನಿಧಾನವಾಗಿ, ಗಾಂಭೀರ್ಯದಿಂದ, ಎಡಕ್ಕೇ ಹೋಯಿತು. ಆಮೇಲೆ ಕಾವಲಿ. ಅದನ್ನು ತಿರುಗಿಸಿ ಇಟ್ಟರೂ ಅದೇ ಹಾಡು. ಆಮೇಲೆ ನೆಲ. ಬಂಡೆಗಳ ಸೀಮೆ ನಮ್ಮದು, ಸಮನಾದ ನೆಲ ಎಲ್ಲಿಂದ ಬರಬೇಕು ಎಂದುಕೊಂಡು ಎಡ ಚಕ್ರದ ಕೆಳಗೆ ಚಪ್ಪಟೆ ಕಲ್ಲು ಕೊಟ್ಟೆ. ಸರಿಹೋಯಿತು. ಆದರೆ ಮುಂದಿನ ಊರಿನಲ್ಲಿ ಕಲ್ಲು ಇನ್ನೂ ದಪ್ಪ ಬೇಕಾಯಿತು, ಅದರ ಮುಂದಿನ ಊರಿನಲ್ಲಿ ಇನ್ನೂ ದಪ್ಪ. ಕೊನೆಗೆ ರಾಮನಗರದ ನಮ್ಮ ಮನೆಯ ಮುಂದೆ, ನೀರು ಹಾಕಿದರೆ ಹಾಕಿದಲ್ಲೇ ನಿಲ್ಲುವ ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಒಲೆ ಹಚ್ಚಿ, ದೋಸೆ ಹುಯ್ದೆ. ಎಡಕ್ಕೆ ಹೋಯಿತು. ಎದುರುಮನೆಯವರು ಗೇಟಿನಲ್ಲಿ ನಿಂತು ಇಣುಕಿದರು. ಮನೆಯಲ್ಲಿ ಒಲೆ ಇದ್ದೂ ಮನೆಯ ಮುಂದಿನ ಗಾಡಿಯಲ್ಲಿ ದೋಸೆ ಹುಯ್ಯುವವಳ ಬಗ್ಗೆ ಅವರಿಗೆ ಏನನ್ನಿಸಿತೋ, ನಾನು ಕೇಳಲಿಲ್ಲ.

ವಾಲುವುದರ ಬಗ್ಗೆ ನನಗೆ ತಿಳಿಯದ್ದೇನಲ್ಲ. ನಮ್ಮ ಬಸ್ಸುಗಳೆಲ್ಲ ಎಡಕ್ಕೇ ವಾಲುತ್ತವೆ, ಬಾಗಿಲು ಆ ಕಡೆ ಇರುವುದರಿಂದ. ಒಳಗೆ ಮೈದಾನದಷ್ಟು ಜಾಗವಿದ್ದರೂ ಜನ ಬಾಗಿಲಲ್ಲೇ ಜೋತುಬೀಳುತ್ತಾರೆ, ಇಳಿಯುವ ಊರು ಎಲ್ಲಿ ತಪ್ಪಿಹೋಗುತ್ತದೋ ಎಂಬ ದಿಗಿಲು. ಎತ್ತಿನ ಗಾಡಿಯಲ್ಲಿ ಹಿಂದೆ ಭಾರವಾದರೆ ನೊಗ ಕಟ್ಟುವ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಉರುಲಾಗುತ್ತದೆ. ಕೂಟಗಲ್ಲಿನಲ್ಲಿ ನಮ್ಮಜ್ಜ ಗಾಡಿ ಹೂಡುವಾಗ ಮೂಟೆಗಳನ್ನೆಲ್ಲ ಜೋಡಿಸಿ, ಮೂಕಿಯನ್ನು ಒಂದು ಬೆರಳಲ್ಲಿ ಎತ್ತಿ ನೋಡಿ, “ಏ ಅಮ್ಮಿ, ಒಸಿ ಮುಂದುಕ್ ಬಂದ್ ಕೂತ್ಕೋ” ಎಂದು ನನ್ನನ್ನು ಮುಂದಕ್ಕೆ ಕೂರಿಸುತ್ತಿದ್ದ. ಆಗ ನನ್ನ ಭಾರಕ್ಕೂ ಒಂದು ಬೆಲೆಯಿತ್ತು. ಇನ್ನು ನನ್ನ ಮೈಯನ್ನೇ ನೋಡಿ. ಕಂಡಕ್ಟರ್ ಚೀಲ ಎಡ ಹೆಗಲಿಗೇ ಬಿದ್ದು ಬಿದ್ದು ಆ ಭುಜ ಇಳಿದುಹೋಗಿದೆ. ರವಿಕೆ ಹೊಲಿಯುವವಳು ಅಳತೆ ತೆಗೆಯುವಾಗಲೆಲ್ಲ, “ಅಕ್ಕ, ಈ ಕಡೆ ಒಸಿ ಕಮ್ಮಿ ಬಟ್ಟೆ ಹಿಡೀತೀನಿ, ನೀವು ನೆಟ್ಟಗ್ ನಿಂತ್ಕಂಡ್ರೂ ಒಂದೇಯ” ಎನ್ನುತ್ತಾಳೆ. ಇಷ್ಟೆಲ್ಲ ತಿಳಿದೂ ಗಾಡಿಮನೆಯ ಮಟ್ಟಿಗೆ ನನಗೆ ಏನೂ ಹೊಳೆಯಲಿಲ್ಲ. ಹೊಳೆಯಬಾರದೆಂದು ಇತ್ತೋ ಏನೋ.

ಆಮೇಲೆ ಒಂದೊಂದೇ ಲಕ್ಷಣ ಕಾಣಿಸಿಕೊಂಡಿತು. ಎಡಗಡೆ ಟೈರು ಒಳಮಗ್ಗುಲಲ್ಲಿ ಮಾತ್ರ ಸವೆದು ಬೋಳಾಯಿತು. ಟೈರ್ ಅಂಗಡಿಯವನು ಗಾಳಿ ಕಡಿಮೆ ಎಂದ, ಗಾಳಿ ತುಂಬಿಸಿದರೂ ಸವೆಯಿತು. ಜೀಪಿನ ಕನ್ನಡಿಯಲ್ಲಿ ನೋಡಿದರೆ ಗಾಡಿಮನೆ ನೆಟ್ಟಗೆ ನನ್ನ ಹಿಂದೆ ಬರುತ್ತಿರಲಿಲ್ಲ, ಮುನಿಸಿಕೊಂಡ ನಾದಿನಿಯ ಹಾಗೆ ಒಂದು ಮಗ್ಗುಲಾಗಿ ಬರುತ್ತಿತ್ತು. ಒಂದು ದಿನ ಮಾಗಡಿಯಿಂದ ಬಂದು ನಿಲ್ಲಿಸಿದವಳು, ನಮ್ಮ ಹಳೆಯ ಡ್ರೈವರುಗಳು ಮಾಡುತ್ತಿದ್ದ ಹಾಗೆ, ಚಕ್ರದ ನಡುವಿನ ಹಬ್ಬಿನ ಮೇಲೆ ಅಂಗೈ ಇಟ್ಟೆ. ಬಲಗಡೆಯದು ಉಗುರುಬೆಚ್ಚಗೆ. ಎಡಗಡೆಯದು ಕೈ ಸುಟ್ಟಿತು.

ಸುದ್ದಿ ತಿಳಿದು ಮೈದುನ ರಾಜಣ್ಣ ಬಂದ. ಒಳ್ಳೆಯವನೇ, ಆದರೆ ಅವನಿಗೆ ಎಲ್ಲ ಕಷ್ಟಕ್ಕೂ ಒಂದೇ ಮದ್ದು, ಮಾರುವುದು. “ಅತ್ತಿಗೆ, ಯಾಕೆ ಈ ಒದ್ದಾಟ? ಬಿಡದೀಲಿ ಫ್ಯಾಕ್ಟರಿ ಹತ್ರ ಒಬ್ಬ ಇಡ್ಲಿ ಗಾಡಿ ಮಾಡ್ಬೇಕು ಅಂತವ್ನೆ. ಇಂಥದ್ದೇ ಹುಡುಕ್ತಾವ್ನೆ. ಅವನ್ಗೇನು, ಒಂದ್ ಕಡೆ ನಿಲ್ಸ್ಕಂಡ್ ಯಾಪಾರ ಮಾಡೋದು. ಚಕ್ರ ಇದ್ರೇನು ಇಲ್ದಿದ್ರೇನು?” ಎಂದ. ಅರಗಿನ ಹಿಡಿಯ ಡ್ರಾಯರುಗಳಲ್ಲಿ ಯಾರೋ ಚಟ್ನಿಪುಡಿ ತುಂಬುವುದನ್ನು ನೆನೆಸಿಕೊಂಡೆ. “ನೋಡಾನ ಕಣಪ್ಪ” ಎಂದೆ. ನಮ್ಮ ಕಡೆ ಇಲ್ಲ ಎನ್ನುವುದಕ್ಕೆ ಹಾಗನ್ನುತ್ತೇವೆ, ಆದರೆ ಸ್ವಲ್ಪ ಹೂಂ ಕೂಡ ಅದರಲ್ಲಿ ಬೆರೆತಿರುತ್ತದೆ.

ಚನ್ನಪಟ್ಟಣದ ಹೊರಗೆ ಬಷೀರ್ ಸಾಬ್ರ ಶೆಡ್ಡು. ಟ್ರ್ಯಾಕ್ಟರಿನ ಟ್ರೈಲರ್ ಕಟ್ಟುವುದು ಅವರ ಕೆಲಸ, ಮಾತಾಡುವುದು ಅವರ ಹವ್ಯಾಸ. ಯಜಮಾನರಿಗೆ ಹಳೆಯ ಸ್ನೇಹಿತರು. ಗಾಡಿಮನೆ ಕಟ್ಟುವಾಗ ನಮ್ಮವರು ಗುಜರಿಯಿಂದ ಒಂದು ಹಳೇ ಆಕ್ಸಲ್, ಅಂದರೆ ಚಕ್ರಗಳ ಅಚ್ಚು, ತಂದು ಹಾಕಿಸಿದ್ದೂ ಅಲ್ಲೇ. ನಾನು ಹೋಗಿ ಕೈ ಸುಟ್ಟ ಕಥೆ ಹೇಳುತ್ತಿದ್ದ ಹಾಗೇ, “ಬೇರಿಂಗು! ನೂರಕ್ಕೆ ನೂರು ಬೇರಿಂಗು ಕಣಕ್ಕಾ, ನಾನ್ ಹೇಳಿದ್ ಸುಳ್ಳಾದ್ರೆ ಅಂಗಡಿ ಬೀಗ ಹಾಕ್ಬುಡ್ತೀನಿ” ಎಂದು ಚಕ್ರ ಬಿಚ್ಚಿಯೇಬಿಟ್ಟರು.

“ದೋಸೇನೂ ಎಡಕ್ ಹೋಗ್ತೈತೆ ಸಾಬ್ರೇ” ಎಂದೆ.

“ದೋಸೆಗೂ ಬೇರಿಂಗ್‌ಗೂ ಏನಕ್ಕಾ ಸಂಬಂಧ?”

“ಅದನ್ನೇ ನಾನೂ ಹೇಳೋದು. ಬೇರಿಂಗ್ ಹೋದ್ರೆ ಗಾಡಿ ನಿಂತಿದ್ದಾಗ ಯಾಕೆ ವಾಲ್ಬೇಕು?”

ಸಾಬ್ರು ಮಾತು ನಿಲ್ಲಿಸಿದರು. ಅದೊಂದು ನೋಡಬೇಕಾದ ಸಂಗತಿ. ಬೇರಿಂಗಿನಲ್ಲಿ ಅಂಥದ್ದೇನೂ ಕಾಣಲಿಲ್ಲ, ಒಂದು ಮಗ್ಗುಲು ಹೆಚ್ಚು ಒತ್ತಿ ಮಿಂಚಿತ್ತು ಅಷ್ಟೆ. ಅಂಗಡಿಗೆ ಬೀಗ ಹಾಕುವ ಮಾತನ್ನು ನಾನು ಎತ್ತಲಿಲ್ಲ. ಚಕ್ರ ಮತ್ತೆ ಹಾಕಿ, ಒಂದು ನೂಲು ತಂದು, ಸಾಬ್ರು ಒಂದು ತುದಿ ನನ್ನ ಕೈಗೆ ಕೊಟ್ಟರು. ಎರಡು ಟೈರುಗಳ ನಡುವೆ ಮೇಲೊಂದು ಸಲ ಕೆಳಗೊಂದು ಸಲ ಹಿಡಿದು ನೋಡಿದೆವು. ಮೇಲೆ ಹತ್ತಿರ, ಕೆಳಗೆ ದೂರ. ಎಡ ಚಕ್ರ ತಲೆ ಒಳಕ್ಕೆ ಬಾಗಿಸಿ ನಿಂತಿತ್ತು. ನೆಟ್ಟಗಿರುವ ಒಂದು ಕಬ್ಬಿಣದ ಪಟ್ಟಿಯನ್ನು ಆಕ್ಸಲಿನ ಮೇಲ್ಮೈಗೆ ಹೊಂದಿಸಿ ಇಬ್ಬರೂ ನೆಲದ ಮೇಲೆ ಮಲಗಿ ನೋಡಿದೆವು. ಬಲಗಡೆ ಪಟ್ಟಿ ಕೂಡಿಕೊಂಡು ಕೂತಿತ್ತು. ಎಡಗಡೆ ನಡುವೆ ಬೆಳಕು ಕಾಣುತ್ತಿತ್ತು. ಆಕ್ಸಲ್ ಬಗ್ಗಿತ್ತು, ಆ ಕಡೆಯ ಸ್ಪ್ರಿಂಗಿನ ಕಮಾನು ಪಟ್ಟಿಯೂ ಕಮಾನನ್ನು ಮರೆತು ಚಪ್ಪಟೆಯಾಗಿತ್ತು.

“ಒಂದೇ ಕಡೆ ಯಾಕ್ ಬಗ್ತು? ಎಡಗಡೆ ಏನೇನ್ ತುಂಬ್ತೀರಕ್ಕಾ?”

“ಏನಿಲ್ಲ ಸಾಬ್ರೇ. ಅಡುಗೆ ಸಾಮಾನು.”

ಅವರು ಒಳಗೆ ಹತ್ತಿದರು. ನನ್ನ ಬೆಂಚಿನ ಹಲಗೆ ಎತ್ತಿ ಒಂದೊಂದನ್ನೂ ಜೋರಾಗಿ ಹೆಸರಿಟ್ಟು ಕೂಗಿದರು. ಗ್ಯಾಸ್ ಸಿಲಿಂಡರು. ಒರಳುಕಲ್ಲು. ರಾಗಿ ಮೂಟೆ. ಸ್ಟೆಪ್ನಿ ಟೈರು. ಟ್ರಂಕು. ಕೊನೆಗೆ ಕಟ್ಟೆಯ ಪಕ್ಕದಲ್ಲಿದ್ದ, ಕೂಟಗಲ್ಲಿನಿಂದ ನನ್ನ ಜೊತೆ ಬಂದ ಗುಂಡುತಳದ ತಾಮ್ರದ ಹಂಡೆ. ಪ್ಲಾಸ್ಟಿಕ್ ಡ್ರಮ್ಮಿನ ನೀರು ನನಗೆ ಸೇರುವುದಿಲ್ಲ. “ಅಡುಗೆ ಸಾಮಾನಾ ಇದು? ಮದುವೆ ಛತ್ರ ಕಣಕ್ಕಾ! ಬಲಗಡೆ ಏನೈತೆ?” ಎಂದು ಪೆಟ್ಟಿಗೆಯನ್ನು ಬೆರಳಲ್ಲಿ ತಟ್ಟಿದರು. ಬರೀ ಡಬಡಬ ಸದ್ದು. “ಖಾಲಿ?” ಎನ್ನುತ್ತಾ, ಬೆವರು ಒರೆಸಿಕೊಳ್ಳುತ್ತಾ, ಅದರ ಮೇಲೆ ಕೂರಲು ಹೋದರು.

“ಕೂರ್ಬ್ಯಾಡಿ! ಅಲ್ಲಿ ಆಳು ಬತ್ತಾರೆ!”

ಬಸ್ಸಿನಲ್ಲಿ ಕೂಗುವ ಗಂಟಲಲ್ಲೇ ಕೂಗಿಬಿಟ್ಟಿದ್ದೆ. ಸಾಬ್ರು ಅರ್ಧ ಬಗ್ಗಿದವರು ಹಾಗೇ ನಿಂತು, ಟವೆಲ್ಲನ್ನು ನೋಡಿದರು, ನನ್ನನ್ನು ನೋಡಿದರು. “ಆಯ್ತಕ್ಕಾ” ಎಂದು ಮೆಲ್ಲಗೆ ಹೇಳಿ ಕೆಳಗೆ, ಕಾಲಿಡುವ ಜಾಗದಲ್ಲಿ, ಮಂಡಿ ಮಡಿಚಿಕೊಂಡು ಕೂತರು. ನನಗೆ ಎಲ್ಲಿಗಾದರೂ ಓಡಿಹೋಗೋಣ ಎನ್ನಿಸಿತು.

ಆಳು ಬರುತ್ತಾರೆ! ಈ ಮಾತನ್ನು ನಾನು ಆಡಿದ್ದು ಅದೇ ಮೊದಲು, ಕೇಳಿದ್ದಕ್ಕೆ ಮಾತ್ರ ಲೆಕ್ಕವಿಲ್ಲ. ನಮ್ಮ ಕಡೆಯ ಬಸ್ಸಿನ ಕಾನೂನು ನಿಮಗೆ ಗೊತ್ತಿರಬೇಕು. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಜನ ಓಡಿಬಂದು ಕಿಟಕಿಯೊಳಗಿಂದ ಟವೆಲ್ಲನ್ನೋ ಕರ್ಚೀಫನ್ನೋ ಸೀಟಿನ ಮೇಲೆ ಎಸೆಯುತ್ತಾರೆ. ಎಸೆದರೆ ಮುಗಿಯಿತು, ಸೀಟು ಅವರದು. ಎಸೆದವನು ಆರಾಮವಾಗಿ ಟೀ ಕುಡಿದು, ಬೀಡಿ ಸೇದಿ, ಯಾರ ಜೊತೆಗೋ ಮದುವೆ ಮಾತುಕತೆ ಮುಗಿಸಿ ಬರುತ್ತಾನೆ. ಅಲ್ಲಿಯವರೆಗೆ ಹೆರಲಿರುವ ಹೆಂಗಸೂ ಆ ಟವೆಲ್ಲಿನ ಪಕ್ಕದಲ್ಲಿ ನಿಂತೇ ಇರಬೇಕು. ಪಕ್ಕದವರು ಟವೆಲ್ಲಿನ ಪರವಾಗಿ ವಕಾಲತ್ತು ಬೇರೆ ವಹಿಸುತ್ತಾರೆ, “ಆಳು ಬತ್ತಾರೆ ಕಣಮ್ಮ” ಎಂದು. ಈ ಟವೆಲ್ಲುಗಳ ಮೇಲೆ ನನಗಿದ್ದ ಸಿಟ್ಟು ಇಡೀ ಡಿಪೋಗೆ ಗೊತ್ತಿತ್ತು. “ಟವೆಲ್‌ಗೆ ಟಿಕೆಟ್ ಹರೀಲಾ ನಾನು?” ಎಂದು ಅದನ್ನು ಎತ್ತಿ, ಮಡಿಚಿ, ನಿಂತವರ ಕೈಗೆ ಕೊಟ್ಟು ಕೂರಿಸುತ್ತಿದ್ದೆ. ಅವರು ಅನುಮಾನಿಸಿದರೆ ನನ್ನದೊಂದು ಸಿದ್ಧ ಮಾತಿತ್ತು: “ಕೂತ್ಕೊಳ್ಳಿ. ಅವ್ರು ಬಂದ್ರೆ ಎದ್ದು ಕೊಡೀರಂತೆ.”

ಸಾಬ್ರು ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು. “ಹೊಸ ಆಕ್ಸಲ್ ಹಾಕ್ಬೋದು. ಹಳೇದು ಗುಜರೀದಾದ್ರೂ ಒಳ್ಳೇದೇ ಇತ್ತು ಕಣಕ್ಕಾ, ಎಡಗಡೆ ನೀವು, ಬಲಗಡೆ ಅವರ ಮಿಷನ್ನು ಮರ, ಸಮಸಮ ಹೋಗ್ತಿತ್ತು. ಈಗ ನೀರು ಗ್ಯಾಸು ಬುಟ್ಟು ಹೋಗೂಕಾಗಕಿಲ್ಲ, ಸರಿ. ಆದ್ರೆ ಅರ್ಧ ಭಾರ ಆ ಕಡೆ ಹೋಗ್ಲೇಬೇಕು. ಇಲ್ಲಾಂದ್ರೆ ಹೊಸದೂ ಇದೇ ದಾರಿ ಹಿಡೀತೈತೆ. ನಡುರಸ್ತೇಲಿ ಚಕ್ರ ಕಳಚ್ಕಂಡ್ರೆ ನಿಮ್ಮ ಗತಿ?”

“ಆ ಕಡೆ ಏನೂ ಇಡಾಕಿಲ್ಲ ನಾನು.”

“ಹಂಗಾದ್ರೆ ಓಡಿಸ್ಬ್ಯಾಡಿ ಅಕ್ಕಾ. ಮಾರ್ಬುಡಿ.”

“ಮಾರ್ತೀನಿ. ಗಿರಾಕಿ ಅವ್ನೆ” ಎಂದೆ. ಸಿಟ್ಟಿಗೆ ಹೇಳಿದ ಮಾತಾದರೂ ಹೇಳಿದ ಮೇಲೆ ನಿಜವೇ ಅನ್ನಿಸಿತು. ಇಡ್ಲಿಯವನು ಬಂದರೆ ಟವೆಲ್ ತೆಗೆಯುವ ಪಾಪ ಅವನಿಗೇ ಇರಲಿ. ಗಾಡಿಮನೆಯನ್ನೂ ಜೀಪನ್ನೂ ಅಲ್ಲೇ ಬಿಟ್ಟು ಬಸ್ ಹತ್ತಿದೆ.

ಸಂಜೆಯ ರಾಮನಗರದ ಬಸ್ಸು, ತುಂಬಿತ್ತು. ನನಗೆ ಹಿಂದೆ ಒಂದು ಸೀಟು ಸಿಕ್ಕಿತು. ಎದುರಿನ ಸೀಟಿನ ಕಿಟಕಿಯ ಪಕ್ಕ ಒಂದು ನೀಲಿ ಚೌಕುಳಿ ಟವೆಲ್, ಅದರ ಪಕ್ಕದಲ್ಲೇ ಸೊಪ್ಪಿನ ಕುಕ್ಕೆ ಹಿಡಿದು ನಿಂತ ಒಬ್ಬಳು ಹೆಂಗಸು. ಮಾರಿ ಮಿಕ್ಕಿದ ದಂಟಿನ ಸೊಪ್ಪು ಬಾಡಿ ಜೋತುಬಿದ್ದಿತ್ತು, ಅವಳೂ ಹಾಗೇ ಇದ್ದಳು. ಬಸ್ಸು ಹೊರಟಿತು. ಟವೆಲ್ಲಿನವನು ಬರಲಿಲ್ಲ. ಅವಳು ಕೂರಲಿಲ್ಲ. ಕಂಡಕ್ಟರ್ ಮೊಬೈಲ್ ನೋಡುತ್ತಿದ್ದ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅವಳು ಕಂಬಿಗೆ ಬಡಿದುಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಎತ್ತಮ್ಮ ಆ ಟವೆಲ್‌ನ. ಕೂತ್ಕೋ.”

“ಯಾರೋ ಹಾಕವ್ರೆ ಅಕ್ಕ. ಬೈತಾರೆ.”

“ಬೈಯಾಕೆ ಬರ್ಲಿ ಮೊದ್ಲು. ಕೂತ್ಕೋ. ಅವ್ರು ಬಂದ್ರೆ ಎದ್ದು ಕೊಡುವಂತೆ.”

ಅವಳು ಟವೆಲ್ಲನ್ನು ಎತ್ತಿ, ನೀಟಾಗಿ ಮಡಿಚಿ, ಮಡಿಲಲ್ಲಿಟ್ಟುಕೊಂಡು ಕೂತಳು. ಕೂತು ಒಂದು ಉಸಿರು ಬಿಟ್ಟಳು ನೋಡಿ, ಬಸ್ಸಿಗೇ ಕೇಳಿಸಿತು. ರಾಮನಗರ ಬಂದಾಗ ಹಿಂದೆ ತಿರುಗಿ, “ಇದನ್ನ ಏನ್ ಮಾಡ್ಲಿ ಅಕ್ಕ?” ಎಂದಳು. ಕಂಡಕ್ಟರಿಗೆ ಕೊಡು ಎಂದೆ. ಇಳಿದೆ. ಟವೆಲ್ ಮಾತ್ರ ರಾಮನಗರಕ್ಕೆ ಬಂದಿತ್ತು. ಹಾಕಿದವನು ಟೀ ಅಂಗಡಿಯಲ್ಲೋ ಎಲ್ಲೋ ಹಿಂದೆಯೇ ಉಳಿದುಹೋಗಿದ್ದ. ಬಸ್ಸು ಅವನಿಗೆ ಕಾಯಲಿಲ್ಲ, ಕಾಯುವ ಹಾಗೂ ಇರಲಿಲ್ಲ. ನಾನು ಸ್ಟ್ಯಾಂಡಿನ ಕಂಬಕ್ಕೆ ಒರಗಿಕೊಂಡು ಅತ್ತೆ. ನಮ್ಮವರು ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಆ ದಿನ ಬಂದವರಿಗೆಲ್ಲ ಕಾಫಿ ಮಾಡುವುದರಲ್ಲೇ ಆಯಿತು. ಪಕ್ಕದಲ್ಲಿ ಕಡಲೆಕಾಯಿ ಮಾರುವವಳು ಬಸ್ ತಪ್ಪಿತೇನಮ್ಮ ಎಂದು ಕೇಳಿದಳು. ಹೂಂ ಎಂದೆ. ಇನ್ನೊಂದು ಬರ್ತದೆ ಅಳಬ್ಯಾಡ ಎಂದಳು.

ಮಾರನೆಯ ಬೆಳಿಗ್ಗೆ ಸಾಬ್ರಿಗೆ ಫೋನು ಮಾಡಿದೆ. “ಆಕ್ಸಲ್ ಹಾಕಿ.”

“ಆ ಕಡೆ ಭಾರ?”

“ಅದನ್ನ ನನ್ಗೆ ಬುಡಿ.”

ಆಕ್ಸಲ್ ಬದಲಾಯಿಸುವುದು ನೋಡಲು ಚೆನ್ನಾಗಿದೆ. ಗಾಡಿಮನೆಯನ್ನು ಜಾಕಿ ಕೊಟ್ಟು ಎತ್ತಿ ನಾಲ್ಕು ಮೂಲೆಗೂ ಮರದ ದಿಮ್ಮಿ ಇಟ್ಟು ಚಕ್ರ ಬಿಚ್ಚಿದರು. ಚಕ್ರವಿಲ್ಲದ ಗಾಡಿಮನೆ ಬರೀ ಮನೆ. ಆಕ್ಸಲನ್ನು ಬಿಗಿದಿದ್ದ ತುಕ್ಕು ಹಿಡಿದ ಯು ಬೋಲ್ಟುಗಳು ಜಪ್ಪಯ್ಯ ಅನ್ನಲಿಲ್ಲ, ಗ್ಯಾಸಿನಲ್ಲಿ ಕತ್ತರಿಸಿದರು. ಹಳೇ ಆಕ್ಸಲ್ ನೆಲಕ್ಕೆ ಬಿದ್ದಾಗ ಅದರ ಬಾಗು ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. ಅಷ್ಟು ದಿನ ಹೊತ್ತಿದ್ದಕ್ಕೆ ಅದನ್ನು ಬೈಯಲು ಮನಸ್ಸು ಬರಲಿಲ್ಲ. ಹೊಸದನ್ನು ತೂರಿಸಿ, ಹೊಸ ಕಮಾನು ಪಟ್ಟಿ ಹಾಕಿ, ಜೀಪಿಗೆ ಸಿಕ್ಕಿಸುವ ಮುಂದಿನ ಕೊಕ್ಕೆಯಿಂದ ಆಕ್ಸಲಿನ ಎರಡೂ ತುದಿಗೆ ನೂಲು ಹಿಡಿದು, ಸಮ ಬರುವವರೆಗೆ ಸುತ್ತಿಗೆಯಲ್ಲಿ ಒಸಿ ಇತ್ತ ಒಸಿ ಅತ್ತ ತಟ್ಟಿದರು. ನಮ್ಮವರು ಬೊಂಬೆ ಗಾಡಿಗೆ ಕಡ್ಡಿ ತೂರಿಸಿ ನೆಲದ ಮೇಲೆ ಓಡಿಸಿ ನೋಡುತ್ತಿದ್ದರು. ಸೊಟ್ಟ ಓಡಿದರೆ, “ಇದ್ ಕೊಟ್ರೆ ಕೂಸು ಅಳ್ತದೆ” ಎಂದು ಬಿಚ್ಚಿ ಮತ್ತೆ ಹಾಕುತ್ತಿದ್ದರು. ಬೇರಿಂಗಿಗೆ ಗ್ರೀಸು ನಾನೇ ತುಂಬಿದೆ. ಅಂಗೈಯಲ್ಲಿ ಗ್ರೀಸು ಹಾಕಿಕೊಂಡು ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ ಇನ್ನೊಂದು ಕಡೆ ಉಕ್ಕುವವರೆಗೆ ತುಂಬಬೇಕು. ಕಡುಬಿಗೆ ಹೂರಣ ತುಂಬಿದವಳಿಗೆ ಕಷ್ಟವಲ್ಲ. ಸಾಬ್ರು ತಾವೇ ಹೇಳಿಕೊಟ್ಟ ಹಾಗೆ ಹೆಮ್ಮೆಯಿಂದ ನೋಡುತ್ತಿದ್ದರು.

ಬಿಡದಿಯ ಗಿರಾಕಿಗೆ ಬೇರೆ ಗಾಡಿ ನೋಡಲು ಹೇಳು ಎಂದು ರಾಜಣ್ಣನಿಗೆ ತಿಳಿಸಿದೆ. “ನಿಮ್ಮಿಷ್ಟ ಅತ್ತಿಗೆ” ಎಂದ. ಆ ಮಾತಿನಲ್ಲಿ ನಮ್ಮ ಕಡೆ ಯಾರ ಇಷ್ಟವೂ ಇರುವುದಿಲ್ಲ.

ಕಬ್ಬಾಳಿಗೆ ಹೊರಡುವ ಬೆಳಿಗ್ಗೆ ಗಾಡಿಮನೆಯ ಬಾಗಿಲಲ್ಲಿ ಸುಮಾರು ಹೊತ್ತು ನಿಂತಿದ್ದೆ. ಕಂಡಕ್ಟರ್ ಗಂಟಲು ಅವತ್ತು ಕೈಕೊಟ್ಟಿತು, ಸುಮ್ಮನೆ ಹೋಗಿ ಟವೆಲ್ಲನ್ನು ಎತ್ತಿದೆ. ಮೂಸಿ ನೋಡಿದೆ. ಅವರ ವಾಸನೆ ಇರಲಿಲ್ಲ, ಧೂಳಿನದೇ ವಾಸನೆ. ಒಂದು ಕಡೆ ಅರಗಿನ ಕೆಂಪು ಕಲೆ ಮಾತ್ರ ಇನ್ನೂ ಇತ್ತು. ಹಲಗೆ ಎತ್ತಿ ಪೆಟ್ಟಿಗೆಯೊಳಗೆ ಒರಳುಕಲ್ಲು, ರಾಗಿ ಮೂಟೆ, ಟೈರು ಇಳಿಸಿದೆ. ಗ್ಯಾಸು, ಟ್ರಂಕು ಎಡಗಡೆಯೇ ಉಳಿದವು. ಇನ್ನು ಹಂಡೆ. ಅದನ್ನು ಹಲಗೆಯ ಮೇಲೆ ಕೂರಿಸಿದರೆ ಗುಂಡುತಳ ನಿಲ್ಲದೆ ಉರುಳಾಡಿತು. ಕೆಳಗೆ ಕೊಡಲು ಸಿಂಬಿ ಬೇಕಿತ್ತು. ಸುತ್ತ ಹುಡುಕಿದೆ, ಹುಡುಕುವ ನಾಟಕ ಮಾಡಿದೆ ಅಂತಲೇ ಇಟ್ಟುಕೊಳ್ಳಿ. ಆಮೇಲೆ ಟವೆಲ್ಲನ್ನೇ ಹುರಿ ಮಾಡಿ, ದುಂಡಗೆ ಸುತ್ತಿ, ಸಿಂಬಿ ಮಾಡಿ ಇಟ್ಟು, ಅದರ ಮೇಲೆ ಹಂಡೆ ಕೂರಿಸಿದೆ. ಅಲುಗಾಡದೆ ಕೂತಿತು. ನೀರು ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಹಗ್ಗದಲ್ಲಿ ಗೋಡೆಗೆ ಬಿಗಿದೆ.

ಕನಕಪುರದ ದಾರಿಯಲ್ಲಿ ಕನ್ನಡಿ ನೋಡಿದರೆ ಗಾಡಿಮನೆ ನೆಟ್ಟಗೆ ಹಿಂದೆ ಬರುತ್ತಿತ್ತು. ಕಬ್ಬಾಳಿನಲ್ಲಿ ನಿಲ್ಲಿಸಿ ಹಬ್ಬುಗಳ ಮೇಲೆ ಕೈಯಿಟ್ಟೆ, ಎರಡೂ ಒಂದೇ ಬೆಚ್ಚಗೆ. ದೇವಿಗೆ ಕೈಮುಗಿದು ಬಂದು ಕಾವಲಿ ಕಾಯಿಸಿದೆ. ಮೊದಲನೇ ದೋಸೆ ಎಂದಿನಂತೆ ಕೆಟ್ಟಿತು. ಅದನ್ನು ಕಿತ್ತು ಕಿತ್ತು ನಾನೇ ತಿಂದೆ. ಅವರು ಹೇಳುತ್ತಿದ್ದದ್ದು ಸುಳ್ಳು, ಅಂಥ ರುಚಿಯೇನೂ ಇರಲಿಲ್ಲ. ಎರಡನೆಯದು ಎಲ್ಲ ಕಡೆಗೂ ಒಂದೇ ಸಮ ಹರಡಿಕೊಂಡಿತು.

ದೋಸೆ ಮಗುಚಿ, ನೀರು ತೆಗೆದುಕೊಳ್ಳಲು ಹಂಡೆಯ ಬಾಯಿ ಬಿಚ್ಚಿದೆ. ನೀರು ಅಂಚಿನ ಸುತ್ತಲೂ ಸಮನಾಗಿ ನಿಂತಿತ್ತು. ಅವರ ಟವೆಲ್ಲಿನ ಮೇಲೆ, ಕಿಟಕಿಯ ಪಕ್ಕದಲ್ಲಿ, ಹೊಟ್ಟೆ ಮುಂದೆ ಬಿಟ್ಟುಕೊಂಡು ಹಂಡೆ ಕೂತಿದ್ದ ರೀತಿ ನೋಡಿದರೆ, ಟಿಕೆಟ್ ತೆಗೆದುಕೊಂಡೂ ಕೂರಲು ಅಳುಕುತ್ತಿರುವವರ ಹಾಗಿತ್ತು. ಬೆಳಿಗ್ಗೆ ಕೈಕೊಟ್ಟ ಗಂಟಲು ಈಗ ಬಂತು.

“ಕೂತ್ಕೋ” ಎಂದೆ. “ಅವ್ರು ಬಂದ್ರೆ ಎದ್ದು ಕೊಡುವಂತೆ.”